ಸಂಜೆಯಾದರೆ ಕೈಕೊಡುವ ರೌಟರ್: ದೋಷ ವೈಫೈಯದೋ, ಲೈನಿನದೋ, ಪೆಟ್ಟಿಗೆಯದೋ?

ನೀಲಿಶಾಯಿ

ಎಲ್ಲರಿಗೂ ನಮಸ್ಕಾರ. ಮನೆಯ ರೌಟರ್ ಇತ್ತೀಚೆಗೆ ತೀರಾ ಸತಾಯಿಸುತ್ತಿದೆ. ಹಗಲಿನಲ್ಲಿ ಅದರ ಮೇಲೆ ದೂರು ಹೇಳುವಂತಿಲ್ಲ. ಸಂಜೆ ಮನೆಯವರೆಲ್ಲ ಸೇರಿದ ಮೇಲೆ ಸಂಪರ್ಕ ಇದ್ದಕ್ಕಿದ್ದಂತೆ ಕಡಿದುಹೋಗುತ್ತದೆ. ಎರಡು ಮೂರು ನಿಮಿಷ ಕಾದರೆ ಯಾರೂ ಮುಟ್ಟದೆಯೇ ಮರಳಿ ಬರುತ್ತದೆ. ಒಂದೊಂದು ಸಂಜೆ ಏನೂ ಆಗುವುದಿಲ್ಲ, ಮತ್ತೊಂದು ಸಂಜೆ ಒಂದು ಸಿನಿಮಾವನ್ನೂ ನೆಟ್ಟಗೆ ನೋಡಿ ಮುಗಿಸಲು ಬಿಡುವುದಿಲ್ಲ.

ಫೈಬರ್ ಸಂಪರ್ಕ. ಗೋಡೆಯ ಬಳಿ ಫೈಬರ್ ಬಂದು ಸೇರುವ ಒಎನ್‌ಟಿ ಪೆಟ್ಟಿಗೆ ಇದೆ. ಅಲ್ಲಿಂದ ಒಂದು ಕೇಬಲ್ ನನ್ನದೇ ರೌಟರ್‌ಗೆ ಹೋಗುತ್ತದೆ. ರೌಟರ್ ಟಿವಿಯ ಹಿಂದೆ, ಕಪಾಟಿನ ಮೇಲಿದೆ. ಸೇವಾ ಕಂಪನಿಗೆ ಕರೆ ಮಾಡಿದರೆ ಪ್ರತಿ ಬಾರಿಯೂ ಒಂದೇ ಪಾಠ: "ನಮ್ಮ ಕಡೆಯಿಂದ ಎಲ್ಲವೂ ಸರಿಯಾಗಿದೆ, ರೌಟರ್ ಆರಿಸಿ ಮತ್ತೆ ಹಾಕಿ ನೋಡಿ." ಹಾಕಿದರೆ ಸರಿಹೋಗುತ್ತದೆ ನಿಜ. ಆದರೆ ಹಾಕದಿದ್ದರೂ ಸರಿಹೋಗುತ್ತದೆಯಲ್ಲ!

ಹೊಸ ರೌಟರ್ ಕೊಳ್ಳುವುದೊಂದೇ ದಾರಿಯೆ?

ಒಂದೇಮಾತು

ಹೌದು. ವೈಫೈ 6 ಇರುವ ಒಂದನ್ನು ತಂದು ಹಾಕಿ, ತಲೆನೋವು ಮುಗಿಯುತ್ತದೆ.

ತಂತಿಬಲ್ಲವ

ಸ್ವಲ್ಪ ತಡೆಯಿರಿ. ದೋಷ ಎಲ್ಲಿದೆ ಎಂದು ತಿಳಿಯದೆ ಹೊಸದನ್ನು ತಂದರೆ, ದೋಷ ಒಎನ್‌ಟಿಯಲ್ಲೋ ಕೇಬಲ್‌ನಲ್ಲೋ ಇದ್ದ ಪಕ್ಷಕ್ಕೆ ಹೊಸ ರೌಟರ್ ಕೂಡ ಸಂಜೆಗೆ ಸರಿಯಾಗಿ ಕೈಕೊಡುತ್ತದೆ.

ಮೊದಲ ಮಾತು: ಸಂಪರ್ಕ ಹೋದ ಕೂಡಲೇ ರೌಟರ್ ಆರಿಸಬೇಡಿ. ಆರಿಸಿದರೆ ಅದರೊಳಗಿನ ಲಾಗ್ (ಏನೇನಾಯಿತೆಂಬ ದಾಖಲೆ) ಬಹುತೇಕ ಮಾದರಿಗಳಲ್ಲಿ ಅಳಿಸಿಹೋಗುತ್ತದೆ. ತೊಂದರೆ ಆ ಹೊತ್ತಿಗೆ ಮರೆಯಾಗುತ್ತದೆ, ಕಾರಣವೂ ಅದರ ಜೊತೆಗೇ ಮರೆಯಾಗುತ್ತದೆ. ಸಹಾಯವಾಣಿಯವರಿಗೆ ಕರೆ ಮುಗಿದರೆ ಸಾಕು, ನಿಮಗೆ ಕಾರಣ ಬೇಕು.

ಒಂದು ಕಂಪ್ಯೂಟರನ್ನು ಕೇಬಲ್ ಮೂಲಕ ರೌಟರ್‌ಗೆ ಸೇರಿಸಿ. ವೈಫೈ ಬೇಡ, ಕೇಬಲ್ಲೇ ಆಗಬೇಕು. ಪಿಂಗ್ ಅನ್ನು, ಅಂದರೆ ಒಂದು ವಿಳಾಸಕ್ಕೆ ಕರೆ ಕಳಿಸಿ ಉತ್ತರ ಬರುತ್ತದೆಯೇ ನೋಡುವ ಆಜ್ಞೆಯನ್ನು, ಎರಡು ಕಿಟಕಿಗಳಲ್ಲಿ ನಿಲ್ಲದಂತೆ ಓಡಲು ಬಿಡಿ. ಒಂದು ನಿಮ್ಮ ರೌಟರ್‌ನ ವಿಳಾಸಕ್ಕೆ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1 ಆಗಿರುತ್ತದೆ, ಕಂಪ್ಯೂಟರಿನ ನೆಟ್‌ವರ್ಕ್ ವಿವರದಲ್ಲಿ ಡೀಫಾಲ್ಟ್ ಗೇಟ್‌ವೇ ಎಂದು ಕಾಣುತ್ತದೆ. ಇನ್ನೊಂದು ಹೊರಜಗತ್ತಿಗೆ: ಕ್ಲೌಡ್‌ಫ್ಲೇರ್‌ನ 1.1.1.1 ಅಥವಾ ಗೂಗಲ್‌ನ 8.8.8.8. ಸಂಪರ್ಕ ಕಡಿದ ಗಳಿಗೆಯಲ್ಲಿ ಆ ಎರಡು ಕಿಟಕಿಗಳನ್ನು ನೋಡಿ.

ರೌಟರ್ ಉತ್ತರಿಸುತ್ತಿದ್ದು ಹೊರಗಿನದು ಮಾತ್ರ ನಿಂತರೆ ದೋಷ ರೌಟರ್‌ನಿಂದ ಆಚೆಗಿದೆ: ಒಎನ್‌ಟಿ, ಫೈಬರ್ ಅಥವಾ ಕಂಪನಿ. ಕೇಬಲ್‌ನಲ್ಲಿರುವ ಕಂಪ್ಯೂಟರಿಗೆ ಎರಡೂ ಸಿಗುತ್ತಿದ್ದು ಮೊಬೈಲ್‌ಗಳು ಮಾತ್ರ ಒದ್ದಾಡಿದರೆ ದೋಷ ವೈಫೈಯಲ್ಲಿದೆ. ಎರಡೂ ಪಿಂಗ್‌ಗಳು ಓಡುತ್ತಲೇ ಇದ್ದು ಜಾಲತಾಣಗಳು ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ ಕೆಟ್ಟಿದೆ, ಅಂದರೆ ಹೆಸರನ್ನು ಅಂಕಿಯ ವಿಳಾಸವಾಗಿಸುವ ಕೆಲಸ ನಿಂತಿದೆ. ಕೇಬಲ್‌ನಲ್ಲಿದ್ದೂ ರೌಟರೇ ಉತ್ತರಿಸದಿದ್ದರೆ ಪೆಟ್ಟಿಗೆಯನ್ನೇ ಹಿಡಿದು ವಿಚಾರಿಸಬೇಕು.

ಹಾಗೆಯೇ ಒಎನ್‌ಟಿಯ ಮೇಲೆ ಎಲ್‌ಒಎಸ್ ಎಂಬ ದೀಪ ಕೆಂಪಾಗುತ್ತದೆಯೇ ನೋಡಿ. ಕೆಂಪಾದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ, ಆಗ ರೌಟರ್‌ನ ಮೇಲೆ ಅನುಮಾನ ಪಡುವ ಅಗತ್ಯವೇ ಇಲ್ಲ. ಬ್ರೌಸರ್‌ನಲ್ಲಿ ಒಎನ್‌ಟಿಯ ಸೆಟ್ಟಿಂಗ್ ಪುಟ ತೆರೆಯಲು ಸಾಧ್ಯವಾದರೆ ಅದಕ್ಕೆ ಬರುವ ಬೆಳಕಿನ ಮಟ್ಟವನ್ನೂ ಬರೆದುಕೊಳ್ಳಿ. ಮನೆಗಳಿಗೆ ಕೊಡುವ ಜಿಪಾನ್ ಎಂಬ ಬಗೆಯ ಫೈಬರ್‌ನಲ್ಲಿ ಅದು ಸಾಮಾನ್ಯವಾಗಿ ಮೈನಸ್ 8ರಿಂದ ಮೈನಸ್ 27 ಡಿಬಿಎಂ ಒಳಗಿರಬೇಕು (ಡಿಬಿಎಂ ಎಂದರೆ ಸಂಕೇತದ ಬಲದ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಬಲ ಕಡಿಮೆ). ಮೈನಸ್ 27ರ ಅಂಚಿನಲ್ಲಿದ್ದರೆ ಎಲ್ಲೋ ಫೈಬರ್ ಮಡಚಿಕೊಂಡಿದೆ ಅಥವಾ ಅದರ ತುದಿ ಕೊಳೆಯಾಗಿದೆ.

ರೇಡಿಯೊಕಿವಿ

ತಂತಿಬಲ್ಲವರಿಗೆ ತಂತಿಯೇ ಪ್ರಪಂಚ. "ಸಂಜೆ ಮಾತ್ರ" ಎಂದ ಕೂಡಲೇ ನನ್ನ ಅನುಮಾನ ವೈಫೈ ಕಡೆಗೆ ಹೋಗುತ್ತದೆ. ಸಂಜೆ ಅಕ್ಕಪಕ್ಕದ ಮನೆಗಳ ರೌಟರ್‌ಗಳೆಲ್ಲ ಏಕಕಾಲಕ್ಕೆ ದುಡಿಯುತ್ತಿರುತ್ತವೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಾನೆಲ್‌ಗಳ ನಡುವಿನ ಅಂತರ ಬರೀ 5 ಮೆಗಾಹರ್ಟ್ಸ್, ಆದರೆ ಒಂದೊಂದು ವೈಫೈ ಸಂಕೇತ ಸುಮಾರು 20 ಮೆಗಾಹರ್ಟ್ಸ್ ಜಾಗ ಹಿಡಿಯುತ್ತದೆ. ಹಾಗಾಗಿ ಒಂದರ ಮೇಲೊಂದು ಬೀಳದೆ ಉಳಿಯುವುದು 1, 6 ಮತ್ತು 11 ಮಾತ್ರ. ಜಾಣತನವೆಂದುಕೊಂಡು 3 ಅಥವಾ 4 ಆರಿಸಿಕೊಳ್ಳುವವರು ಎರಡೂ ಕಡೆಯವರ ಗದ್ದಲ ಕೇಳುತ್ತಾರೆ. ಸಂಕೇತದ ಅಗಲವನ್ನು 40 ಮೆಗಾಹರ್ಟ್ಸ್‌ಗೆ ಏರಿಸಿದವರಂತೂ ತಮಗೂ ನೆಮ್ಮದಿಯಿಲ್ಲ, ಅಕ್ಕಪಕ್ಕದವರಿಗೂ ನೆಮ್ಮದಿ ಕೊಡುವುದಿಲ್ಲ.

ಮೈಕ್ರೊವೇವ್ ಒಲೆಯೂ 2.45 ಗಿಗಾಹರ್ಟ್ಸ್ ಸುತ್ತಲೇ ಕೆಲಸ ಮಾಡುತ್ತದೆ. ಯುಎಸ್‌ಬಿ 3 ಸಾಧನಗಳು ಕೂಡ ಇದೇ ಪಟ್ಟಿಯಲ್ಲಿ ಗದ್ದಲ ಹರಡುತ್ತವೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ವಿವರಿಸುವ ಟಿಪ್ಪಣಿ ಪ್ರಕಟಿಸಿತ್ತು. ಟಿವಿಯ ಹಿಂದೆ ಅಡಗಿ ಕುಳಿತ ರೌಟರ್ ಎಂದರೆ ಇವೆಲ್ಲದರ ಜೊತೆಗೆ ಎದುರಿಗೊಂದು ಲೋಹದ ತಡೆಗೋಡೆ.

ತಂತಿಬಲ್ಲವ

ನೀವು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಗದ್ದಲ ಹೆಚ್ಚಾದರೆ ವೈಫೈ ನಿಧಾನವಾಗುತ್ತದೆ, ಕುಂಟುತ್ತದೆ. ಎಲ್ಲ ಸಾಧನಗಳಿಗೂ ಒಂದೇ ಕ್ಷಣದಲ್ಲಿ ಪೂರ್ತಿ ಹೋಗಿ, ಎರಡು ಮೂರು ನಿಮಿಷದ ಬಳಿಕ ಪೂರ್ತಿ ಬರುವುದು ಗದ್ದಲದ ಲಕ್ಷಣವಲ್ಲ. ಅಷ್ಟು ಸಮಯ ಒಂದು ರೌಟರ್ ಮೊದಲಿನಿಂದ ಎದ್ದು ನಿಲ್ಲಲು ಬೇಕಾಗುವ ಸಮಯ. ಪಿಂಗ್ ಬರಲಿ, ನೋಡೋಣ.

ಮರುಪ್ರಶ್ನೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರಿಸಬೇಡಿ. ನಮ್ಮ ಮನೆಯಲ್ಲಿ ಬೇರೆ ಬಗೆಯ ಕಾಟ. ಮೊಬೈಲ್‌ನಲ್ಲಿ ವೈಫೈ ಗುರುತು ತುಂಬಿರುತ್ತದೆ, ಕೆಳಗೆ "ಇಂಟರ್ನೆಟ್ ಇಲ್ಲ" ಎಂದು ತೋರಿಸುತ್ತದೆ. ವೈಫೈ ಆರಿಸಿ ಹಾಕಿದರೆ ಕೆಲವೊಮ್ಮೆ ಸರಿಹೋಗುತ್ತದೆ, ಕೆಲವೊಮ್ಮೆ ಇಲ್ಲ. ಒಳಕೋಣೆಗೆ ಸಂಕೇತ ಸಾಲದೆಂದು ಹಳೆಯ ರೌಟರ್ ಒಂದನ್ನು ಕೇಬಲ್ ಎಳೆದು ಅಲ್ಲಿಟ್ಟಿದ್ದೇವೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೆ?

ತಂತಿಬಲ್ಲವ

@ಮರುಪ್ರಶ್ನೆ, ಇದೆ ಎಂದೇ ಕಾಣುತ್ತದೆ. ಕೆಟ್ಟಿರುವ ಹೊತ್ತಿನಲ್ಲಿ ಮೊಬೈಲ್‌ಗೆ ಸಿಕ್ಕಿರುವ ಐಪಿ ವಿಳಾಸ ಯಾವುದು, ಸರಿಯಿರುವಾಗ ಯಾವುದು, ಎರಡನ್ನೂ ನೋಡಿ ಹೇಳಿ. ಹಳೆಯ ರೌಟರ್‌ನಲ್ಲಿ ಕೇಬಲ್ ಚುಚ್ಚಿರುವುದು ವ್ಯಾನ್ ಕಿಂಡಿಗೋ (ಹೊರಗಿನ ಸಂಪರ್ಕದ್ದು) ಲ್ಯಾನ್ ಕಿಂಡಿಗೋ (ಮನೆಯೊಳಗಿನ ಸಾಧನಗಳದ್ದು)?

ಮರುಪ್ರಶ್ನೆ

ಲ್ಯಾನ್ ಕಿಂಡಿಗೆ. ಸರಿಯಿರುವಾಗ 192.168.1 ಎಂದು ಶುರುವಾಗುತ್ತದೆ, ಕೆಟ್ಟಾಗ 192.168.0 ಎಂದು.

ತಂತಿಬಲ್ಲವ

ಸಿಕ್ಕಿತು. ನಿಮ್ಮ ಮನೆಯಲ್ಲಿ ವಿಳಾಸ ಹಂಚುವವರು ಇಬ್ಬರಿದ್ದಾರೆ. ಎರಡೂ ರೌಟರ್‌ಗಳಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಸೌಲಭ್ಯ ಚಾಲೂ ಇದೆ. ಮೊಬೈಲ್ "ನನಗೊಂದು ವಿಳಾಸ ಕೊಡಿ" ಎಂದು ಕೂಗಿದಾಗ ಯಾರು ಮೊದಲು ಉತ್ತರಿಸುತ್ತಾರೋ ಅವರದ್ದನ್ನೇ ಅದು ಹಿಡಿದುಕೊಳ್ಳುತ್ತದೆ. ಹಳೆಯ ರೌಟರ್ ಮೊದಲು ಉತ್ತರಿಸಿದರೆ "ಹೊರಹೋಗುವ ದಾರಿ ನಾನೇ" ಎಂದೂ ಹೇಳಿಬಿಡುತ್ತದೆ. ಅದರ ವ್ಯಾನ್ ಕಿಂಡಿ ಖಾಲಿಯಿರುವಾಗ ಹೊರಹೋಗುವ ದಾರಿ ಎಲ್ಲಿಂದ ಬರಬೇಕು?

ಹಳೆಯದರ ಪುಟ ತೆರೆದು ಡಿಎಚ್‌ಸಿಪಿ ನಿಲ್ಲಿಸಿ. ಅದರ ಸ್ವಂತ ವಿಳಾಸವನ್ನು 192.168.1.2 ಮಾಡಿ, ಆ ಅಂಕಿ ಹೊಸದರ ಹಂಚಿಕೆಯ ವ್ಯಾಪ್ತಿಯೊಳಗೆ ಇರದಂತೆ ನೋಡಿಕೊಳ್ಳಿ. "ಆಕ್ಸೆಸ್ ಪಾಯಿಂಟ್" ಎಂಬ ಆಯ್ಕೆಯೇ ಇದ್ದರೆ ಈ ಕೆಲಸವನ್ನೆಲ್ಲ ಅದೇ ಮಾಡಿಕೊಳ್ಳುತ್ತದೆ. ಹಾಂ, ಎಂದಾದರೂ ವಿಳಾಸ 169.254 ಎಂದು ಶುರುವಾದರೆ ಅದು ಬೇರೆ ಕಥೆ. ಯಾರೂ ವಿಳಾಸ ಕೊಡದಿದ್ದಾಗ ಸಾಧನ ತಾನೇ ಇಟ್ಟುಕೊಳ್ಳುವ ವಿಳಾಸ ಅದು.

ನೀಲಿಶಾಯಿ

ಪಿಂಗ್ ಓಡಿಸಿದೆ. ಸಂಪರ್ಕ ಹೋದಾಗ ಎರಡೂ ಕಿಟಕಿಗಳು ಒಟ್ಟಿಗೆ ಸತ್ತವು. ಅಷ್ಟೇ ಅಲ್ಲ, ಕೇಬಲ್ ಕಿತ್ತುಹೋಗಿದೆ ಎಂದು ಕಂಪ್ಯೂಟರ್ ತೋರಿಸಿತು, ಕೆಲವು ಸೆಕೆಂಡುಗಳ ಬಳಿಕ ಮತ್ತೆ ಸೇರಿದೆ ಎಂದಿತು. ಕೇಬಲ್ ಬದಲಿಸಿ ನೋಡಿದೆ, ಮರುದಿನವೂ ಅದೇ ಕಥೆ.

ಒಎನ್‌ಟಿಯ ದೀಪಗಳು ಕದಲಲೇ ಇಲ್ಲ. ಎಲ್‌ಒಎಸ್ ಕೆಂಪಾಗಿಲ್ಲ. ಬೆಳಕಿನ ಮಟ್ಟ ಮೈನಸ್ 21ರ ಆಸುಪಾಸು.

ತಂತಿಬಲ್ಲವ

ಹಾಗಾದರೆ ಲೈನಿನವರು ಈ ಬಾರಿ ಹೇಳಿದ್ದು ನಿಜ, ಅವರ ಕಡೆ ಸರಿಯಾಗಿಯೇ ಇದೆ. ಈಗ ರೌಟರ್‌ನ ಪುಟದಲ್ಲಿ ಎರಡು ಕಡೆ ನೋಡಿ. ಸ್ಥಿತಿ ತೋರಿಸುವ ಪುಟದಲ್ಲಿ, ರೌಟರ್ ಎದ್ದು ಎಷ್ಟು ಹೊತ್ತಾಯಿತೆಂದು ಹೇಳುವ "ಅಪ್‌ಟೈಮ್" ಎಷ್ಟಿದೆ? ಲಾಗ್‌ನಲ್ಲಿ ದಿನಾಂಕಗಳು ಹೇಗಿವೆ? ಸಂಪರ್ಕ ಮರಳಿದ ಕೂಡಲೇ ನೋಡಬೇಕು.

ನೀಲಿಶಾಯಿ

ಅಪ್‌ಟೈಮ್ 4 ನಿಮಿಷ! ಯಾರೂ ಅದನ್ನು ಮುಟ್ಟಿಲ್ಲ. ಲಾಗ್‌ನಲ್ಲಿ ಮೊದಲ ಕೆಲವು ಸಾಲುಗಳು "1970 ಜನವರಿ 1, 00:00:14" ಎಂದು ಶುರುವಾಗುತ್ತವೆ. ಲ್ಯಾನ್ ಕಿಂಡಿ ಸೇರಿತು, ವೈಫೈ ಶುರುವಾಯಿತು, ವ್ಯಾನ್ ವಿಳಾಸ ಸಿಕ್ಕಿತು. ಅದರ ಮುಂದಿನ ಸಾಲು ನೇರವಾಗಿ ಇವತ್ತಿನ ದಿನಾಂಕಕ್ಕೆ ಜಿಗಿದಿದೆ. ಲಾಗ್ ಕೂಡ ಕೆಟ್ಟಿದೆಯೆ?

ತಂತಿಬಲ್ಲವ

ಲಾಗ್ ಕೆಟ್ಟಿಲ್ಲ, ಅದು ಸಾಕ್ಷಿ ಹೇಳುತ್ತಿದೆ. ಮನೆಯ ರೌಟರ್‌ಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿಯಿಂದ ಓಡುವ ಗಡಿಯಾರ ಇರುವುದಿಲ್ಲ. ವಿದ್ಯುತ್ ಹೋಗಿ ಬಂದರೆ ಅದಕ್ಕೆ ಹೊತ್ತು ತಿಳಿಯುವುದಿಲ್ಲ. ಯುನಿಕ್ಸ್ ಬಗೆಯ ವ್ಯವಸ್ಥೆಗಳಲ್ಲಿ ಕಾಲದ ಎಣಿಕೆ 1970ರ ಜನವರಿ 1ರಿಂದ ಶುರು, ಆದ್ದರಿಂದ ಅಲ್ಲಿಂದಲೇ ಎಣಿಸಲು ತೊಡಗುತ್ತದೆ. ಇಂಟರ್ನೆಟ್ ಸಿಕ್ಕಿದ ಮೇಲೆ ಎನ್‌ಟಿಪಿ ಮೂಲಕ ಸರಿಯಾದ ಸಮಯ ಕೇಳಿಕೊಂಡು ಇವತ್ತಿಗೆ ಜಿಗಿಯುತ್ತದೆ. ಕೆಲವು ಮಾದರಿಗಳಲ್ಲಿ 1970ರ ಬದಲು ಫರ್ಮ್‌ವೇರ್ (ರೌಟರ್‌ನೊಳಗಿನ ತಂತ್ರಾಂಶ) ತಯಾರಾದ ದಿನಾಂಕ ಕಾಣುತ್ತದೆ, ಅರ್ಥ ಒಂದೇ.

ನಿಮ್ಮ ಸಂಪರ್ಕ ಕಡಿಯುತ್ತಿಲ್ಲ. ರೌಟರ್ ಬಿದ್ದು ಏಳುತ್ತಿದೆ. ಇದಕ್ಕೆ ಮೂರು ಕಾರಣಗಳನ್ನು ನೋಡಬಹುದು: ವಿದ್ಯುತ್ ಸಾಲದಿರುವುದು, ಅತಿಯಾದ ಬಿಸಿ, ಫರ್ಮ್‌ವೇರ್ ಕುಸಿಯುವುದು. ಬಿಸಿ ನೋಡುವುದು ಸುಲಭ, ಟಿವಿಯ ಹಿಂದಿನಿಂದ ಹೊರಗೆ ತೆಗೆದು ಗಾಳಿಯಾಡುವಲ್ಲಿ ಇಡಿ. ಫರ್ಮ್‌ವೇರ್ ಹೊಸದಿದ್ದರೆ ತಯಾರಕರ ಪುಟದಿಂದಲೇ ಹಾಕಿ. ವಿದ್ಯುತ್ತಿನ ವಿಷಯಕ್ಕೆ ಬೆಸುಗೆಕಡ್ಡಿಯವರನ್ನು ಕರೆಯುತ್ತೇನೆ.

ಬೆಸುಗೆಕಡ್ಡಿ

ಬಂದೆ. ಮೊದಲಿಗೆ ಒಂದು ಪ್ರಶ್ನೆ: ರೌಟರ್‌ನ ಯುಎಸ್‌ಬಿ ಕಿಂಡಿಗೆ ಏನಾದರೂ ಚುಚ್ಚಿದ್ದೀರಾ?

ನೀಲಿಶಾಯಿ

ಹೌದು, ಒಂದು ಹಾರ್ಡ್ ಡಿಸ್ಕ್ ಇದೆ. ಸಿನಿಮಾಗಳು, ಫೋಟೋಗಳು ಅದರಲ್ಲಿವೆ. ಟಿವಿಯಲ್ಲಿ ನೋಡುವುದು ಅದರಿಂದಲೇ.

ಬೆಸುಗೆಕಡ್ಡಿ

ಸಂಜೆಯ ಗುಟ್ಟು ಬಹುಶಃ ಅಲ್ಲೇ ಇದೆ. ಯುಎಸ್‌ಬಿ 3 ಕಿಂಡಿಯಿಂದ ಒಂದು ಸಾಧನ 5 ವೋಲ್ಟ್‌ನಲ್ಲಿ 900 ಮಿಲಿಆಂಪ್‌ವರೆಗೆ ಎಳೆಯಲು ಅವಕಾಶವಿದೆ, ಅಂದರೆ 4.5 ವ್ಯಾಟ್. ತಿರುಗುವ ಡಿಸ್ಕ್ ಚಲಿಸಲು ಶುರುಮಾಡುವ ಕ್ಷಣದಲ್ಲಿ ಅತಿ ಹೆಚ್ಚು ಎಳೆಯುತ್ತದೆ. ಅದೇ ಹೊತ್ತಿಗೆ ಮನೆಯವರೆಲ್ಲ ವೈಫೈ ಬಳಸುತ್ತಿದ್ದರೆ ರೇಡಿಯೊ ಭಾಗವೂ ಹೆಚ್ಚು ವಿದ್ಯುತ್ ಕೇಳುತ್ತದೆ. ಅಡಾಪ್ಟರ್‌ನ ಮೇಲೆ ಏನು ಬರೆದಿದೆ ನೋಡಿ. 12 ವೋಲ್ಟ್, 1 ಆಂಪ್ ಎಂದಿದ್ದರೆ ಒಟ್ಟು 12 ವ್ಯಾಟ್. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಡಿಸ್ಕ್ ಒಂದೇ ತಿಂದುಬಿಡಬಹುದು.

ಅಡಾಪ್ಟರ್ ಹೊಸದಿದ್ದಾಗ ಹೇಗೋ ನಿಭಾಯಿಸುತ್ತದೆ. ಆದರೆ ಅದರೊಳಗೆ ವಿದ್ಯುತ್ತನ್ನು ಹಿಡಿದಿಟ್ಟು ಏರಿಳಿತ ತಗ್ಗಿಸುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಬಿಸಿಯಲ್ಲಿ ನಿಧಾನವಾಗಿ ಒಣಗುತ್ತವೆ. ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅವುಗಳ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ನಮ್ಮ ಕಸುಬಿನವರು ನೆಚ್ಚಿಕೊಂಡ ಲೆಕ್ಕ. ಟಿವಿಯ ಹಿಂದೆ, ಹತ್ತಾರು ಪ್ಲಗ್‌ಗಳ ನಡುವೆ ಸಿಕ್ಕಿಕೊಂಡ ಅಡಾಪ್ಟರ್‌ಗೆ ತಂಪು ಎಲ್ಲಿಂದ ಬರಬೇಕು? ಒಣಗಿದ ಅಡಾಪ್ಟರ್ ಮುದಿ ಎತ್ತಿನಂತೆ: ಬರಿಗಾಡಿ ಎಳೆಯುತ್ತದೆ, ಹೇರು ತುಂಬಿದರೆ ಮಂಡಿಯೂರುತ್ತದೆ. ಒಂದು ಕ್ಷಣ ವೋಲ್ಟೇಜ್ ಕುಸಿದರೂ ರೌಟರ್‌ಗೆ ಅದು ಆರಿಸಿ ಹಾಕಿದ ಹಾಗೆಯೇ.

ಇಲ್ಲಿ ಅನೇಕರು ಎಡವುವ ಜಾಗವೊಂದಿದೆ. ಅಡಾಪ್ಟರನ್ನು ರೌಟರ್‌ನಿಂದ ಕಿತ್ತು ಮಲ್ಟಿಮೀಟರ್ ಹಿಡಿಯುತ್ತಾರೆ, 12.1 ಎಂದು ತೋರಿಸಿದರೆ "ಸರಿಯಿದೆ" ಎಂದು ತೀರ್ಪು ಕೊಡುತ್ತಾರೆ. ಹೇರಿಲ್ಲದೆ ಅಳೆದರೆ ಸಾಯುತ್ತಿರುವ ಅಡಾಪ್ಟರ್ ಕೂಡ ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ಮನೆಯಲ್ಲಿ ಪರೀಕ್ಷಿಸುವ ಸರಳ ದಾರಿ ಎಂದರೆ ಮೊದಲು ಡಿಸ್ಕ್ ಕಿತ್ತು ನೋಡುವುದು, ಆಮೇಲೆ ಬೇರೆ ಅಡಾಪ್ಟರ್ ಹಾಕಿ ನೋಡುವುದು.

ಬೇರೆಯದನ್ನು ಹಾಕುವಾಗ ವೋಲ್ಟೇಜ್ ಅಷ್ಟೇ ಇರಬೇಕು, ಹೆಚ್ಚೂ ಬೇಡ ಕಡಿಮೆಯೂ ಬೇಡ. ಆಂಪ್ ಅಷ್ಟೇ ಅಥವಾ ಹೆಚ್ಚು ಇರಬಹುದು, ರೌಟರ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಚೀಟಿಯ ಮೇಲೆ ಪ್ಲಸ್ ಮೈನಸ್ ಚಿಹ್ನೆಗಳ ನಡುವೆ ಒಂದು ವೃತ್ತದ ಚಿತ್ರವಿರುತ್ತದೆ. ನಡುವಿನ ಪಿನ್ ಪ್ಲಸ್ಸೋ ಮೈನಸ್ಸೋ ಎಂದು ಅದು ಹೇಳುತ್ತದೆ, ಅದು ಎರಡರಲ್ಲೂ ಒಂದೇ ಆಗಿರಬೇಕು. ಕೊನೆಗೆ ಪ್ಲಗ್ ನೋಡಿ. ಹೊರಗಿನ ಅಳತೆ 5.5 ಮಿಲಿಮೀಟರ್ ಇರುವ ಪ್ಲಗ್‌ಗಳಲ್ಲಿ ಒಳರಂಧ್ರ 2.1 ಇರುವುದೂ ಉಂಟು, 2.5 ಇರುವುದೂ ಉಂಟು. 2.5ರದ್ದು 2.1ರ ಪಿನ್ನಿನ ಮೇಲೆ ಸರಾಗವಾಗಿ ಕೂರುತ್ತದೆ, ದೀಪವೂ ಹೊತ್ತುತ್ತದೆ, ಆದರೆ ಒಳಗೆ ಹಿಡಿತವಿರುವುದಿಲ್ಲ. ಪ್ಲಗ್ ಅನ್ನು ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿದಾಗ ದೀಪ ಮಿನುಗಿದರೆ ನಿಮ್ಮ ಕಳ್ಳ ಅಲ್ಲೇ ಸಿಕ್ಕ.

ಒಂದೇಮಾತು

ಇಷ್ಟೆಲ್ಲ ಓದುವಷ್ಟರಲ್ಲಿ ನಾನಾಗಿದ್ದರೆ ಹೊಸದನ್ನು ತಂದು ಗೋಡೆಗೆ ಹೊಡೆದು ಮುಗಿಸುತ್ತಿದ್ದೆ.

ಕಾವಲುಕಣ್ಣು

ಒಂದೇಮಾತು ಅವರ ಪರ ವಹಿಸಿ ಒಂದು ವಿಷಯ ಹೇಳಬೇಕು. ತಯಾರಕರು ಫರ್ಮ್‌ವೇರ್ ಕೊಡುವುದನ್ನು ನಿಲ್ಲಿಸಿದ ರೌಟರ್ ಆಗಿದ್ದರೆ, ಅದು ಎಷ್ಟೇ ಸ್ಥಿರವಾಗಿ ಓಡುತ್ತಿದ್ದರೂ ಬದಲಿಸುವುದೇ ಲೇಸು. 2018ರಲ್ಲಿ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ ಕನಿಷ್ಠ 54 ದೇಶಗಳಲ್ಲಿ ಸುಮಾರು 5 ಲಕ್ಷ ಸಾಧನಗಳಿಗೆ ಹೊಕ್ಕಿತ್ತು, ಹೆಚ್ಚಿನವು ಮನೆ ಮತ್ತು ಸಣ್ಣ ಕಚೇರಿಗಳ ರೌಟರ್‌ಗಳು. ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಬಿಐ ಸಂಸ್ಥೆಯೇ ರೌಟರ್ ಆರಿಸಿ ಹಾಕಿ ಎಂದು ಜನರಿಗೆ ಕರೆ ಕೊಟ್ಟಿತ್ತು. ಆದರೆ ಆರಿಸಿ ಹಾಕಿದರೆ ಅದರ ಮೇಲಿನ ಹಂತಗಳು ಮಾತ್ರ ಅಳಿಯುತ್ತಿದ್ದವು, ಮೊದಲ ಹಂತ ಒಳಗೇ ಉಳಿಯುತ್ತಿತ್ತು. ಅದನ್ನು ತೆಗೆಯಲು ಫ್ಯಾಕ್ಟರಿ ರೀಸೆಟ್ ಬೇಕಿತ್ತು. ಸಹಾಯವಾಣಿಯ ಪಾಠಕ್ಕೆ ಇದು ಸಮರ್ಥನೆ ಎಂದು ಯಾರೂ ಭಾವಿಸಬೇಡಿ.

ನೀಲಿಶಾಯಿಯವರೇ, ಪುಟ ತೆರೆದಿದ್ದೀರಲ್ಲ, ನಿರ್ವಾಹಕರ ಗುಪ್ತಪದ ಇನ್ನೂ ಪೆಟ್ಟಿಗೆಯ ಜೊತೆ ಬಂದದ್ದೇ ಆಗಿದ್ದರೆ ಈಗಲೇ ಬದಲಿಸಿ. ಹೊರಗಿನಿಂದ ನಿರ್ವಹಿಸುವ ಸೌಲಭ್ಯ ಚಾಲೂ ಇದ್ದರೆ ನಿಲ್ಲಿಸಿ.

ನೀಲಿಶಾಯಿ

ಗುಪ್ತಪದ ಬದಲಾಯಿತು, ಫರ್ಮ್‌ವೇರ್ ಕೂಡ ಹೊಸದಾಯಿತು. ತಯಾರಕರು ಇನ್ನೂ ಬಿಡುಗಡೆ ಮಾಡುತ್ತಿದ್ದಾರೆ, ಸದ್ಯ.

ಅಡಾಪ್ಟರ್ 12 ವೋಲ್ಟ್, 1 ಆಂಪ್. ಮುಟ್ಟಿದರೆ ಕೈ ತೆಗೆಯುವಷ್ಟು ಬಿಸಿ. ಮೊದಲು ಡಿಸ್ಕ್ ಕಿತ್ತೆ. ರೌಟರ್ ಬೀಳುವುದು ಬಹಳ ಕಡಿಮೆಯಾಯಿತು, ನಿಲ್ಲಲಿಲ್ಲ. ಆಮೇಲೆ ಬಳಸದೆ ಬಿದ್ದಿದ್ದ ಬೇರೊಂದು ಸಾಧನದ ಅಡಾಪ್ಟರ್ ಹಾಕಿದೆ: 12 ವೋಲ್ಟ್, 2 ಆಂಪ್, ನಡುವಿನ ಪಿನ್ ಪ್ಲಸ್, ಪ್ಲಗ್ ಗಟ್ಟಿಯಾಗಿ ಕೂರುತ್ತದೆ. ಆ ದಿನದಿಂದ ಅಪ್‌ಟೈಮ್ ಏರುತ್ತಲೇ ಇದೆ. ಪಿಂಗ್ ಕಿಟಕಿಗಳಲ್ಲಿ ಒಂದು ಸಾಲೂ ತಪ್ಪಿಲ್ಲ.

ಆದರೆ ಈಗ ಮೊದಲು ಗಮನಕ್ಕೆ ಬರದ ಇನ್ನೊಂದು ಕಾಣುತ್ತಿದೆ. ಲ್ಯಾಪ್‌ಟಾಪ್ 5 ಗಿಗಾಹರ್ಟ್ಸ್ ವೈಫೈಯಲ್ಲಿದ್ದಾಗ, ಅಪರೂಪಕ್ಕೊಮ್ಮೆ, ಆ ಹೆಸರೇ ಪಟ್ಟಿಯಿಂದ ಮಾಯವಾಗುತ್ತದೆ. ಒಂದು ನಿಮಿಷವಾದ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತದೆ. 2.4ರಲ್ಲಿರುವವರಿಗೆ ಏನೂ ಆಗುವುದಿಲ್ಲ, ಅಪ್‌ಟೈಮ್ ಕೂಡ ಮುರಿಯುವುದಿಲ್ಲ.

ರೇಡಿಯೊಕಿವಿ

ಕೊನೆಗೂ ನನ್ನ ಸರದಿ! 5 ಗಿಗಾಹರ್ಟ್ಸ್ ಯಾವ ಚಾನೆಲ್‌ನಲ್ಲಿದೆ ನೋಡಿ. 52ರಿಂದ 144ರ ನಡುವೆ ಇರಬೇಕಲ್ಲವೆ?

ನೀಲಿಶಾಯಿ

ಆಯ್ಕೆ "ಆಟೊ" ಎಂದಿದೆ. ಈಗ ಹಿಡಿದಿರುವುದು 100.

ರೇಡಿಯೊಕಿವಿ

ಹಾಗಿದ್ದರೆ ಇದು ರೌಟರ್‌ನ ಕಾಯಿಲೆಯಲ್ಲ, ಅದು ಕಾನೂನು ಪಾಲಿಸುತ್ತಿದೆ. ಆ ಚಾನೆಲ್‌ಗಳನ್ನು ಹವಾಮಾನ ಮತ್ತು ಇತರ ರೇಡಾರ್‌ಗಳೂ ಬಳಸುತ್ತವೆ. ಅಲ್ಲಿ ವೈಫೈಗೆ ಎರಡನೇ ಸ್ಥಾನ. ರೌಟರ್ ಆ ಚಾನೆಲ್ ಹಿಡಿಯುವ ಮೊದಲು ಕನಿಷ್ಠ 60 ಸೆಕೆಂಡು ಸುಮ್ಮನೆ ಕಿವಿಗೊಟ್ಟು ಕೇಳಬೇಕು. ಬಳಸುತ್ತಿರುವಾಗ ರೇಡಾರ್ ಸಂಕೇತ ಕೇಳಿಸಿದರೆ ಕೂಡಲೇ ಜಾಗ ಖಾಲಿ ಮಾಡಬೇಕು. ಹೋಗಿ ಸೇರುವ ಚಾನೆಲ್ ಕೂಡ ಇದೇ ಗುಂಪಿನದಾದರೆ ಅಲ್ಲೂ 60 ಸೆಕೆಂಡು ಕೇಳಬೇಕು. ನಿಮ್ಮ ಆ "ಒಂದು ನಿಮಿಷ" ಅದೇ. ನಿಜವಾದ ರೇಡಾರ್ ಇಲ್ಲದಿದ್ದರೂ ಕೆಲವು ರೌಟರ್‌ಗಳು ಬೇರೆ ಯಾವುದೋ ಸದ್ದಿಗೆ ಬೆಚ್ಚುತ್ತವೆ.

ಆಟೊ ತೆಗೆದು 36, 40, 44, 48ರಲ್ಲಿ ಒಂದನ್ನು ಗಟ್ಟಿಮಾಡಿ. ಅಗಲ 160 ಇದ್ದರೆ 80ಕ್ಕೆ ಇಳಿಸಿ, ಇಲ್ಲದಿದ್ದರೆ 36ರಿಂದ ಶುರುವಾದ ಸಂಕೇತ 64ರವರೆಗೂ ಚಾಚಿ ಮತ್ತೆ ರೇಡಾರ್ ಪಟ್ಟಿಗೇ ಕಾಲಿಡುತ್ತದೆ. ಲ್ಯಾಪ್‌ಟಾಪ್ ಇರುವಲ್ಲಿ ಸಂಕೇತ ಎಷ್ಟಿದೆ ಎಂದೂ ನೋಡಿ. ಮೈನಸ್ 67 ಡಿಬಿಎಂ ಅಥವಾ ಅದಕ್ಕಿಂತ ಬಲವಾಗಿದ್ದರೆ ವಿಡಿಯೊ ಕರೆಗೆ ಸಾಕು. ಮೈನಸ್ 80ರ ಹತ್ತಿರವಿದ್ದರೆ ಯಾವ ಚಾನೆಲ್ ಕೂಡ ನಿಮ್ಮನ್ನು ಕಾಪಾಡುವುದಿಲ್ಲ.

ಮರುಪ್ರಶ್ನೆ

ನನ್ನದು ಸರಿಹೋಯಿತು, ತಂತಿಬಲ್ಲವರಿಗೆ ವಂದನೆ. ಡಿಎಚ್‌ಸಿಪಿ ನಿಲ್ಲಿಸಿದ ಮೇಲೆ ಪ್ರಿಂಟರ್ ಒಂದು ಮಾತ್ರ ಸಿಗುತ್ತಿಲ್ಲ.

ತಂತಿಬಲ್ಲವ

ಅದು ಇನ್ನೂ ಹಳೆಯ ರೌಟರ್ ಕೊಟ್ಟ ವಿಳಾಸ ಹಿಡಿದುಕೊಂಡು ಕುಳಿತಿದೆ. ಪ್ರಿಂಟರ್ ಆರಿಸಿ ಹಾಕಿ. (ಹೌದು, ನಾನೇ ಹೇಳುತ್ತಿದ್ದೇನೆ. ಇಲ್ಲಿ ಕಾರಣ ತಿಳಿದಿದೆ.) ಆಮೇಲೆ ಹೊಸ ರೌಟರ್‌ನಲ್ಲಿ ಅದಕ್ಕೊಂದು ವಿಳಾಸ ಕಾಯ್ದಿರಿಸಿ.

ನೀಲಿಶಾಯಿ

ಚಾನೆಲ್ 44, ಅಗಲ 80. ಹೆಸರು ಮಾಯವಾಗುವುದು ನಿಂತಿದೆ. ಲ್ಯಾಪ್‌ಟಾಪ್ ಬಳಿ ಮೈನಸ್ 61. ಉಳಿದದ್ದು ಡಿಸ್ಕ್. 2 ಆಂಪ್ ಅಡಾಪ್ಟರ್ ಇದೆಯಲ್ಲ, ಅದನ್ನು ರೌಟರ್‌ಗೇ ಮತ್ತೆ ಚುಚ್ಚಬಹುದೆ?

ಬೆಸುಗೆಕಡ್ಡಿ

ಚುಚ್ಚಬಹುದು, ಆದರೆ ನೇರವಾಗಿ ಬೇಡ. ಅಡಾಪ್ಟರ್ 2 ಆಂಪ್ ಕೊಟ್ಟರೂ, ರೌಟರ್‌ನೊಳಗೆ 12 ವೋಲ್ಟನ್ನು 5ಕ್ಕೆ ಇಳಿಸುವ ಭಾಗ ಹಳೆಯದೇ, ಡಿಸ್ಕಿನ ಎಳೆತವೆಲ್ಲ ಅದರ ಮೇಲೆಯೇ ಬೀಳುತ್ತದೆ. ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಒಂದನ್ನು ನಡುವೆ ಹಾಕಿ, ಡಿಸ್ಕ್ ಅಲ್ಲಿಂದ ವಿದ್ಯುತ್ ಪಡೆಯಲಿ. ಹಬ್ ಮತ್ತು ಡಿಸ್ಕ್ ಎರಡೂ ಆಂಟೆನಾಗಳಿಂದ ಕೇಬಲ್ ಎಟುಕುವಷ್ಟು ದೂರವಿರಲಿ. ರೌಟರ್ ಪುಟದಲ್ಲಿ ಆ ಕಿಂಡಿಯನ್ನು ಯುಎಸ್‌ಬಿ 2ಕ್ಕೆ ಇಳಿಸುವ ಆಯ್ಕೆ ಇದ್ದರೆ ಇಳಿಸಿಬಿಡಿ. ಸಾಮಾನ್ಯ ಸಿನಿಮಾ ಓಡಿಸಲು ಅಷ್ಟು ವೇಗ ಧಾರಾಳ, 2.4ರಲ್ಲಿ ರೇಡಿಯೊಕಿವಿಯವರು ಹೇಳಿದ ಗದ್ದಲವೂ ಇರುವುದಿಲ್ಲ. ಹಳೆಯ 1 ಆಂಪ್ ಅಡಾಪ್ಟರನ್ನು ಮಾತ್ರ "ಇರಲಿ" ಎಂದು ಎತ್ತಿಡಬೇಡಿ, ನಾಳೆ ಇನ್ಯಾವುದೋ ಸಾಧನಕ್ಕೆ ಯಾರೋ ಅದನ್ನೇ ಚುಚ್ಚುತ್ತಾರೆ.